ಲಲಿತಮಹಲಿನ ಗುಮ್ಮಟ: ಸೇಂಟ್ ಪಾಲ್ಸ್ ವಾದದ ಮರುಪರಿಶೀಲನೆ

ಮೈಸೂರಿನ ಲಲಿತಮಹಲ್ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಪ್ರತಿಕೃತಿ ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಇದ್ದರೆ ತಕರಾರಿಲ್ಲ. ಅರಮನೆಗಳ ಇತಿಹಾಸ ಬರೆಯುವವರೂ ಅದನ್ನು ಒರೆಗೆ ಹಚ್ಚದೆ ಎತ್ತಿಕೊಂಡಿರುವುದರಿಂದ ಈ ಲೇಖನ ಬೇಕಾಯಿತು. ಅವರು ಮುಂದಿಡುವ ಆಧಾರ ಒಂದೇ, ನಡುಗುಮ್ಮಟ.

ಹೋಲಿಕೆ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಎತ್ತರದ ಕೊರಳು, ಅದನ್ನು ಬಳಸಿದ ಕಂಬಗಳು, ನೆತ್ತಿಯ ಮೇಲಿನ ಪುಟ್ಟ ಮಂಟಪ ಎರಡೂ ಕಡೆ ಉಂಟು. ಆದರೆ ಕ್ರಿಸ್ಟಫರ್ ರೆನ್ 1710ರ ಹೊತ್ತಿಗೆ ಮುಗಿಸಿದ ಸೇಂಟ್ ಪಾಲ್ಸ್ ವಿನ್ಯಾಸದ ಛಾಯೆ ಪ್ಯಾರಿಸ್ಸಿನ ಪ್ಯಾಂಥಿಯನ್ನಿನಲ್ಲೂ ವಾಷಿಂಗ್ಟನ್ನಿನ ಕ್ಯಾಪಿಟಲ್ಲಿನಲ್ಲೂ ಇದೆ. ಲಲಿತಮಹಲನ್ನು ವಿನ್ಯಾಸಗೊಳಿಸಿದ ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯೂ. ಫ್ರಿಚ್ಲೆ ಕೈಗೆ ಬರುವಷ್ಟರಲ್ಲಿ ಅದು ಎಲ್ಲರ ಸೊತ್ತಾಗಿತ್ತು. ಇಂಥ ಗುಮ್ಮಟ ಕಂಡಲ್ಲೆಲ್ಲ ಲಂಡನ್ನನ್ನು ನೆನೆಯುವುದು ಸಂಶೋಧನೆಯಲ್ಲ.

ಗುಮ್ಮಟದಿಂದ ಕಣ್ಣು ಕೆಳಗಿಳಿಸಿದರೆ ವಾದ ಇನ್ನೂ ಸಡಿಲವಾಗುತ್ತದೆ. ಸೇಂಟ್ ಪಾಲ್ಸ್‌ನ ಪಶ್ಚಿಮ ಮುಖದಲ್ಲಿ ಕೆಳಗೆ ಕೊರಿಂಥಿಯನ್ ಕಂಬಗಳು, ಮೇಲೆ ಕಾಂಪೋಸಿಟ್ ಕಂಬಗಳು; ಲಲಿತಮಹಲಿನವು ಅಯಾನಿಕ್. ಕಂಬಗಳು ಜೋಡಿಜೋಡಿಯಾಗಿ ನಿಂತಿವೆ ಎಂಬುದನ್ನು ಎದುರುವಾದಿಗಳು ತಮ್ಮ ಪರವಾಗಿ ಎತ್ತಬಹುದು, ಎತ್ತಲಿ. ಕೆಥೆಡ್ರಲ್ಲಿನ ಮುಂಭಾಗದ ಎರಡು ಗೋಪುರಗಳು ಇಲ್ಲೆಲ್ಲಿವೆ? ಅಲ್ಲಿನ ತಳವಿನ್ಯಾಸ ಶಿಲುಬೆಯಾಕಾರದ್ದು, ಬಾಹುಗಳು ಕೂಡುವಲ್ಲಿ ಗುಮ್ಮಟ. ಇಲ್ಲಿರುವುದು ಉದ್ದಕ್ಕೆ ಚಾಚಿಕೊಂಡ ಎರಡಂತಸ್ತಿನ ಅತಿಥಿಗೃಹ. ಪ್ರಾರ್ಥನೆಗೆ ಕಟ್ಟಿದ್ದಕ್ಕೂ ವೈಸರಾಯರ ವಾಸಕ್ಕೆ ಕಟ್ಟಿದ್ದಕ್ಕೂ ಒಳಗಿನ ಏರ್ಪಾಟು ಒಂದೇ ಆಗುವುದು ಹೇಗೆ?

ನನ್ನ ಮಟ್ಟಿಗೆ ಹೆಚ್ಚು ಹೇಳುವ ಸಾಕ್ಷಿ ಲಂಡನ್ನಿನಲ್ಲಿಲ್ಲ, ಮೈಸೂರಿನ ಕೋಟೆಯೊಳಗಿದೆ. ಹಳೆಯ ಅರಮನೆಯನ್ನು ಸುಟ್ಟ 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆ ಇಂಡೋ-ಸಾರ್ಸೆನಿಕ್ ಶೈಲಿಯದು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ನಡೆದದ್ದು ಅಲ್ಲಿ. ಬಿಳಿಯ ಅತಿಥಿಗಳಿಗೆ ಮಾತ್ರ ಊರಾಚೆ, ಚಾಮುಂಡಿ ಬೆಟ್ಟದ ದಿಕ್ಕಿನಲ್ಲಿ, ಅವರದೇ ಶೈಲಿಯ ಮನೆ. ಇದರಲ್ಲಿ ಅನುಕರಣೆಗಿಂತ ಸಂಸ್ಥಾನದ ಶಿಷ್ಟಾಚಾರದ ಲೆಕ್ಕಾಚಾರವೇ ಹೆಚ್ಚು ಕಾಣುತ್ತದೆ. ಇದನ್ನು ಬರೀ ನಕಲೆನ್ನುವವರು ಮಹಾರಾಜರ ಜಾಣತನವನ್ನು ಕಡೆಗಣಿಸುತ್ತಾರೆ.

ಲಲಿತಮಹಲ್ ‘1921ರಲ್ಲಿ ಕಟ್ಟಿದ ಅರಮನೆ’ ಎಂಬ ಮಾತೂ ಇದೇ ಉದಾಸೀನದ ಫಲ. ಆ ವರ್ಷದ ನವೆಂಬರಿನಲ್ಲಿ ಮಹಾರಾಜರು ಹಾಕಿದ್ದು ಅಡಿಗಲ್ಲು. ಅದನ್ನೇ ಗೃಹಪ್ರವೇಶವೆಂದು ಓದುವುದಾದರೆ, 1922ರ ಜನವರಿಯಲ್ಲಿ ಮೈಸೂರಿಗೆ ಬಂದ ವೇಲ್ಸ್ ರಾಜಕುಮಾರನನ್ನೂ ಇಲ್ಲೇ ಇಳಿಸಬೇಕಾದೀತು!

1974ರಲ್ಲಿ ಅರಮನೆ ಹೋಟೆಲಾಯಿತು. ನೃತ್ಯಶಾಲೆ ತನ್ನ ಬಣ್ಣದ ಗಾಜಿನ ಸೂರನ್ನು ಉಳಿಸಿಕೊಂಡೇ ಊಟದ ಶಾಲೆಯಾಯಿತು. ಲಂಡನ್ನಿನ ಹೆಸರು ಹೋಟೆಲಿಗೆ ಉಪಯೋಗಕ್ಕೆ ಬರುತ್ತದೆ, ಅದರ ಮೇಲೆ ನನ್ನ ದೂರಿಲ್ಲ. ಇತಿಹಾಸಕಾರರಾದರೂ 1921 ಅಡಿಗಲ್ಲಿನ ವರ್ಷವೆಂದೂ ಸೇಂಟ್ ಪಾಲ್ಸ್ ಹೋಲಿಕೆ ಗುಮ್ಮಟದಾಚೆಗೆ ದಾಟುವುದಿಲ್ಲವೆಂದೂ ಬರೆಯಲಿ.