ಜಮಾ, ಖರ್ಚು, ಶಿಲ್ಕು: ಧಾರವಾಡ ಸೀಮೆಯ ಆಯುಧಗಳ ಲೆಕ್ಕ

ಹಾವೇರಿ, ಹಾನಗಲ್ಲು, ರಾಣೆಬೆನ್ನೂರು ಸೀಮೆಯ ವೀರಗಲ್ಲುಗಳಲ್ಲಿ ಆಯುಧವು ವೀರನ ಕೈಯಲ್ಲಿಯೇ ಇರುತ್ತದೆ. ಬಿಲ್ಲು ಯಾರದು, ಕತ್ತಿ ಯಾರದು ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕಾಗದಪತ್ರಗಳಿಗೆ ಬಂದೊಡನೆ ಈ ಸಂಬಂಧ ಕಡಿದುಹೋಗುತ್ತದೆ. ಅಲ್ಲಿ ಆಯುಧಕ್ಕೆ ಸಂಖ್ಯೆಯಿದೆ, ಸ್ಥಿತಿಯಿದೆ, ಇಟ್ಟ ಸ್ಥಳವಿದೆ. ಹಿಡಿದಿದ್ದ ಕೈ ಮಾತ್ರ ಇಲ್ಲ. ಈ ಬದಲಾವಣೆಯನ್ನು ಅರಿಯದೆ 1857-58ರ ನಮ್ಮ ಭಾಗದ ದಂಗೆಗಳ ಚರಿತ್ರೆಯನ್ನಾಗಲಿ, ಅವುಗಳಿಂದ ಹುಟ್ಟಿದ ಲಾವಣಿಗಳನ್ನಾಗಲಿ ಪೂರ್ತಿಯಾಗಿ ಗ್ರಹಿಸಲಾಗದು.

ಸೈನ್ಯದ ಆಯುಧಗಳನ್ನು ಲೆಕ್ಕವಿಡುವುದು ಕಂಪನಿ ಸರಕಾರದ ಆವಿಷ್ಕಾರವೇನಲ್ಲ. ಸಿಲೆಖಾನೆ, ತೋಫಖಾನೆ, ಕಿಲ್ಲೇದಾರ ಎಂಬ ಪದಗಳೇ ಹಿಂದಿನ ಆಳಿಕೆಗಳ ವ್ಯವಸ್ಥೆಗೆ ಸಾಕ್ಷಿ. ಜಮಾ, ಖರ್ಚು, ಶಿಲ್ಕು, ಪಾವತಿ ಎಂಬ ಮಾತುಗಳು ಇಂದಿಗೂ ಉತ್ತರ ಕರ್ನಾಟಕದ ಅಂಗಡಿಯ ಕಿರ್ದಿಯಲ್ಲಿ ಬದುಕಿವೆ. ಕಂಪನಿಯ ಸೈನ್ಯವು ತಂದದ್ದು ಹಸ್ತಾಂತರದ ಹೊಣೆಗಾರಿಕೆಯನ್ನು. ದಂಡಿನಿಂದ ಬೇಡಿಕೆಯ ಪಟ್ಟಿ ಬರಬೇಕು. ಉಗ್ರಾಣದ ಅಧಿಕಾರಿ ಅದರಂತೆ ಕೊಡಬೇಕು. ಪಡೆದವನು ರಸೀದಿ ಬರೆಯಬೇಕು. ಹಳತಾದ ಸಾಮಾನನ್ನು ಸಮಿತಿಯೊಂದು ಪರಿಶೀಲಿಸಿ ಉಪಯುಕ್ತ, ದುರಸ್ತಿಗೆ ತಕ್ಕದ್ದು, ನಿರುಪಯುಕ್ತ ಎಂದು ವಿಂಗಡಿಸಬೇಕು. ಈ ಮೂರನೆಯ ಅಂಕಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನರಗುಂದದಲ್ಲಿ ಅದು ಮತ್ತೆ ಎದುರಾಗುತ್ತದೆ.

ಇಂಥ ಲೆಕ್ಕದ ಪ್ರಸಿದ್ಧ ಮಾದರಿ ಶತಮಾನದ ಹೊಸ್ತಿಲಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಕೋಟೆಯೊಳಗಿನ ತೋಪುಗಳನ್ನು ಎಣಿಸಿದರು. ದೊರೆತ ಒಟ್ಟು ಸಂಖ್ಯೆ 929. ಅವುಗಳಲ್ಲಿ 287 ಕೋಟೆಯ ಮೇಲೆ ಏರಿಸಿದ್ದವು. ಗುಂಡು, ಮದ್ದು, ಬಂದೂಕು, ರಾಕೆಟ್ಟುಗಳಿಗೂ ಬೇರೆಬೇರೆ ಲೆಕ್ಕಗಳಾದವು. ಒಂದು ರಾಜ್ಯದ ಪತನವು ದಾಸ್ತಾನು ಪಟ್ಟಿಯಾಗಿ ಮಾರ್ಪಟ್ಟ ಬಗೆಯಿದು. ಆದರೆ ಅಲ್ಲಿ ಎಣಿಸಿದ್ದು ಸೋತ ಸೈನ್ಯವೊಂದರ ಆಯುಧಗಳನ್ನು. ಅರ್ಧ ಶತಮಾನದ ತರುವಾಯ ಧಾರವಾಡ ಸೀಮೆಯಲ್ಲಿ ಎಣಿಕೆಗೆ ಒಳಗಾದದ್ದು ಯುದ್ಧವನ್ನೇ ಹೂಡದಿದ್ದ ಜನರ ಆಯುಧಗಳು.

ಪೇಶ್ವೆಯ ಪತನದೊಂದಿಗೆ ಧಾರವಾಡ ಸೀಮೆ ಕಂಪನಿಯ ವಶವಾಗಿ, 1830ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಇಂದು ಒಂದು ಗ್ರಾಮವಾಗಿ ಉಳಿದಿರುವ ಕರ್ಜಗಿ ಆಗ ಜಿಲ್ಲೆಯ ಒಂದು ತಾಲೂಕಿಗೆ ಹೆಸರು ಕೊಟ್ಟಿತ್ತು. ಹಾವೇರಿಯೂ ಅದರೊಳಗೇ ಇತ್ತು. ಕರ್ಜಗಿಯ ಕಡೆಯಿಂದ ಹರಿದುಬರುವ ವರದೆಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಅದೇ ನದಿಯ ದಡದಲ್ಲಿ ಇನ್ನೂ ಕೆಳಗೆ ಹಮ್ಮಿಗಿ ಇದೆ. 1857ರ ಸೆಪ್ಟೆಂಬರಿನಲ್ಲಿ ಆಯುಧಗಳ ತಯಾರಿಕೆ, ಮಾರಾಟ, ಸ್ವಾಮ್ಯಗಳನ್ನು ನಿಯಂತ್ರಿಸುವ 28ನೆಯ ಕಾಯ್ದೆ ಬಂದಾಗ, ಈ ಸೀಮೆಯ ದೇಸಾಯಿ, ನಾಡಗೌಡ, ಬೇಡ, ವಾಲಿಕಾರರ ಮನೆಯ ಕತ್ತಿ ಬಂದೂಕುಗಳು ಸರಕಾರದ ಲೆಕ್ಕಕ್ಕೆ ಬರಬೇಕಾದವು.

ಮುಂದಿನ ಎಂಟು ತಿಂಗಳಲ್ಲಿ ಈ ಲೆಕ್ಕ ಮೂರು ಕಡೆ ರಕ್ತದಲ್ಲಿ ತೊಯ್ದಿತು. ಮೊದಲನೆಯದು ಮುಧೋಳ ಸಂಸ್ಥಾನದ ಹಲಗಲಿ. ಆಯುಧ ಒಪ್ಪಿಸಲೊಲ್ಲದ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ದಂಡು ಬಿದ್ದು ಊರು ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳ, ಹಲಗಲಿಗಳಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಎರಡನೆಯದು ಹಮ್ಮಿಗಿ. ಅಲ್ಲಿ ಕೂಡಿಟ್ಟಿದ್ದ ಆಯುಧಗಳು 1858ರ ಮೇ ತಿಂಗಳಲ್ಲಿ ಪತ್ತೆಯಾದದ್ದೇ ಮುಂಡರಗಿ ಭೀಮರಾಯನ ದಂಗೆಗೆ ಕಿಡಿಯಾಯಿತು. ಆತನು ಡಂಬಳದ ಖಜಾನೆಯ ಮೇಲೆ ಬಿದ್ದು, ಕೊಪ್ಪಳದ ಕೋಟೆಯನ್ನು ಹೊಕ್ಕು, ಅಲ್ಲಿಯೇ ಮಡಿದನು.

ಮೂರನೆಯದಾದ ನರಗುಂದವು ಲೆಕ್ಕಪತ್ರದ ದೃಷ್ಟಿಯಿಂದ ಎಲ್ಲಕ್ಕಿಂತ ಅರ್ಥಪೂರ್ಣವಾದುದು. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ, ಅಧಿಕಾರಿಗಳ ಒತ್ತಾಯದಂತೆ ತನ್ನ ಭಾರದ ತೋಪುಗಳನ್ನೂ ಮದ್ದಿನ ಸಂಗ್ರಹವನ್ನೂ ಧಾರವಾಡಕ್ಕೆ ಕಳುಹಿಸಿಕೊಟ್ಟಿದ್ದನು. ಗಾಡಿಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ಮೂರು ನಾಲ್ಕು ತೋಪುಗಳನ್ನು ಮಾತ್ರ ನಿರುಪಯುಕ್ತವೆಂದು ಕೋಟೆಯಲ್ಲಿಯೇ ಬಿಡಲಾಗಿತ್ತು. ದಂಗೆಯೆದ್ದಾಗ ಅವೇ ತೋಪುಗಳು ನರಗುಂದದಲ್ಲಿ ಮತ್ತೆ ಏರಿ ನಿಂತವು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 2ಕ್ಕೆ ಕೋಟೆ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಅಧಿಕಾರಿಗಳ ಎಣಿಕೆ ತಪ್ಪಿರಲಿಲ್ಲ. ತೋಪುಗಳಿಗೆ ಗಾಡಿ ಇರಲಿಲ್ಲವೆಂಬುದು ನಿಜವೇ. ಆದರೆ ನಿರುಪಯುಕ್ತ ಎಂಬುದು ವಸ್ತುವಿನ ಗುಣವಲ್ಲ, ಅದನ್ನು ಬಳಸುವವನ ಸಂಕಲ್ಪಕ್ಕೆ ಸೇರಿದ್ದು. ಸಂಕಲ್ಪವನ್ನು ಬರೆಯುವ ಅಂಕಣ ಆ ಪಟ್ಟಿಯಲ್ಲಿರಲಿಲ್ಲ.

ಇಲ್ಲಿಗೆ ಸಾಹಿತ್ಯದ ವಿದ್ಯಾರ್ಥಿಗಳು ಹಲಗಲಿಯ ಬೇಡರ ಲಾವಣಿಯನ್ನು ನೆನೆಯಬೇಕು. 1880ರ ದಶಕದಲ್ಲಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಇಂಡಿಯನ್ ಆಂಟಿಕ್ವೆರಿಯಲ್ಲಿ ಅಚ್ಚು ಮಾಡಿಸಿದ ಕನ್ನಡ ಲಾವಣಿಗಳಲ್ಲಿ ಅದೂ ಒಂದು. ಊರು ಲೂಟಿಯಾದ ಭಾಗದಲ್ಲಿ ಲಾವಣಿಕಾರನು ಕೊಳ್ಳೆಹೋದ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ: ಕೊಡಲಿ, ಕಬ್ಬಿಣ, ಉಪ್ಪು, ಎಣ್ಣೆ, ಅರಿಸಿನ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲು. ಇದನ್ನು ನಾವು ಸಾಮಾನ್ಯವಾಗಿ ಜನಪದ ಶೈಲಿಯ ಪಟ್ಟಿಮಾಡುವ ರೂಢಿಯೆಂದು ಓದಿ ಮುಂದೆ ಸಾಗುತ್ತೇವೆ. ಆಯುಧಗಳ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಅದು ಎದುರು ಪುಟವೆಂದು ತಿಳಿಯುತ್ತದೆ. ಸೈನ್ಯದ ಪಟ್ಟಿಯಲ್ಲಿ ಜಮೆಯಾಗುವುದು ಆಯುಧ ಮಾತ್ರ. ಅದರ ಜೊತೆಗೆ ಹೋದ ಮನೆಮಾರು ಎಲ್ಲಿಯೂ ಖರ್ಚು ಬೀಳುವುದಿಲ್ಲ. ಆ ಖರ್ಚನ್ನು ಬರೆದಿಟ್ಟವನು ಲಾವಣಿಕಾರ. ಕೊಡಲಿಯು ಅವನ ಪಟ್ಟಿಯಲ್ಲಿ ಬೆಣ್ಣೆ ಬೆಲ್ಲಗಳ ನಡುವಿನ ಮನೆಯ ವಸ್ತು. ಆಯುಧ ಕೇಳುವವನ ಕಣ್ಣಿಗೆ ಅದೇ ಶಸ್ತ್ರವೂ ಆಗಬಲ್ಲದು.

ಆದುದರಿಂದ ಸರಕಾರಿ ದಾಖಲೆಯನ್ನು ಇತಿಹಾಸವೆಂದೂ ಲಾವಣಿಯನ್ನು ಭಾವನೆಯೆಂದೂ ಬೇರ್ಪಡಿಸುವುದು ಉಚಿತವಲ್ಲ. ಎರಡೂ ಲೆಕ್ಕಗಳೇ, ಒಂದು ತೆಗೆದುಕೊಂಡವರದು, ಇನ್ನೊಂದು ಕಳೆದುಕೊಂಡವರದು. 1878ರ ಆಯುಧ ಕಾಯ್ದೆಯು ಪರವಾನಗಿಯಿಲ್ಲದ ಬಂದೂಕನ್ನು ಅಪರಾಧವಾಗಿಸಿ ಮೊದಲನೆಯ ಲೆಕ್ಕವನ್ನು ಶಾಶ್ವತಗೊಳಿಸಿತು. ಎರಡನೆಯದು ಹಾಡುವವರ ಬಾಯಲ್ಲಿ ಉಳಿಯಿತು. ಸಂಶೋಧಕನು ಎರಡನ್ನೂ ಕೂಡಿಸಿ ಕಳೆದಾಗಲೇ ಶಿಲ್ಕು ಸರಿಯಾಗಿ ಬರುತ್ತದೆ.