ತಿರುಗಿಸಿದ ಚರಂಡಿ ಎಲ್ಲಿಗೆ ಹೋಯಿತು?

ಪಂಚಗಂಗೆಯು ಕೃಷ್ಣೆಯನ್ನು ಕೂಡುವ ಸಂಗಮದ ಸಮೀಪದಲ್ಲಿ ನಮ್ಮ ಕುರುಂದವಾಡವಿದೆ. ಕೊಲ್ಹಾಪುರ, ಇಚಲಕರಂಜಿಗಳನ್ನು ದಾಟಿದ ನೀರೇ ನಮ್ಮಲ್ಲಿಗೆ ಬರುತ್ತದೆ. ಪಟವರ್ಧನ ಸಂಸ್ಥಾನದ ಕಾಲದಲ್ಲಿ ಹುಟ್ಟಿದ ನಮ್ಮ ಶಾಲೆಗೆ ನೂರು ವರ್ಷ ತುಂಬಿದೆ. ಹೊಸ ಕಟ್ಟಡದ ಮಾತು ಕೇಳಿಬರುತ್ತಿದೆ. ಈ ಹೊತ್ತಿನಲ್ಲಿ, ದೊಡ್ಡ ಕಟ್ಟಡಗಳಿಗಾಗಿ ದಾರಿ ಬದಲಿಸಿದ ಕೊಳಚೆ ನೀರಿನ ಇತಿಹಾಸವನ್ನು ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

ಆ ಇತಿಹಾಸದ ಹಿರಿಯ ಪಾಠ ಲಂಡನ್ ನಗರದ್ದು. ಅಲ್ಲಿಯ ಫ್ಲೀಟ್ ಎಂಬ ಹೊಳೆಯು ಕಾಲಕ್ರಮದಲ್ಲಿ ನೆಲದಡಿಯ ಚರಂಡಿಯಾಗಿ ಮಾರ್ಪಟ್ಟಿತ್ತು. ಜಗತ್ತಿನ ಮೊದಲ ಸುರಂಗ ರೈಲುಮಾರ್ಗವನ್ನು ಅದರ ಬದಿಯಲ್ಲಿಯೇ ಅಗೆಯುತ್ತಿದ್ದಾಗ, 1862ರ ಜೂನ್ ತಿಂಗಳಲ್ಲಿ ಆ ಚರಂಡಿ ಒಡೆದು ಸುರಂಗದೊಳಗೆ ನುಗ್ಗಿತು. ಕೆಲಸಗಾರರು ನೀರನ್ನು ತಿರುಗಿಸಿ, ಗೋಡೆಗಳನ್ನು ಮತ್ತೆ ಕಟ್ಟಿದರು. 1863ರ ಜನವರಿಯಲ್ಲಿ ರೈಲು ಓಡಿತು.

ಅದೇ ಕಾಲದಲ್ಲಿ ಜೋಸೆಫ್ ಬಾಜಲ್ಜೆಟ್ ಎಂಬ ಎಂಜಿನಿಯರು ಇನ್ನೂ ದೊಡ್ಡ ಕಾರ್ಯದಲ್ಲಿ ತೊಡಗಿದ್ದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆಯು ಪಾರ್ಲಿಮೆಂಟನ್ನೇ ಕಂಗೆಡಿಸಿತ್ತು. ನದಿಗೆ ಬೀಳುತ್ತಿದ್ದ ಚರಂಡಿಗಳನ್ನು ಅಡ್ಡಗಟ್ಟಿ, ಕೊಳಚೆಯನ್ನು ನಗರದ ಪೂರ್ವಕ್ಕೆ ಒಯ್ಯುವ ಮಹಾಕಾಲುವೆಗಳನ್ನು ಅವರು ಕಟ್ಟಿಸಿದರು. ನದಿಯ ಅಂಚನ್ನು ತುಂಬಿ ಎಬ್ಬಿಸಿದ ವಿಕ್ಟೋರಿಯಾ ದಂಡೆಯ ಗರ್ಭದಲ್ಲಿ ಚರಂಡಿಗೂ ರೈಲಿಗೂ ಎಡೆ ದೊರೆಯಿತು, ಮೇಲೆ ರಾಜಮಾರ್ಗವಾಯಿತು. 1870ರಲ್ಲಿ ಅದು ಜನರಿಗೆ ತೆರೆಯಿತು. ನಗರವು ನಿಟ್ಟುಸಿರುಬಿಟ್ಟಿತು.

ಆದರೆ ಕೊಳಚೆ ಮಾಯವಾಗಿರಲಿಲ್ಲ. ಬೆಕ್ಟನ್, ಕ್ರಾಸ್‌ನೆಸ್ ಎಂಬಲ್ಲಿ ಶುದ್ಧವಾಗದೆಯೇ ನದಿಯ ಕೆಳಹರಿವಿಗೆ ಬೀಳುತ್ತಿತ್ತು. 1878ರ ಸೆಪ್ಟೆಂಬರ್ 3ರಂದು ಅಲ್ಲಿಯೇ ಸಮೀಪದಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಅವರು ಬಿದ್ದದ್ದು ಆಗತಾನೆ ಹೊರಬಿಟ್ಟ ಕೊಳಚೆಯಲ್ಲಿ. ಅನಂತರವೇ ಸರಕಾರವು ವಿಚಾರಣೆ ನಡೆಸಿತು; ಕೊಳಚೆಯಿಂದ ಕೆಸರನ್ನು ಬೇರ್ಪಡಿಸುವ ಏರ್ಪಾಡು ಬಂದಿತು.

ಕೆಳಹರಿವಿನವರ ಈ ಪಾಡು ನಮಗೆ ಅಪರಿಚಿತವಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನರು ಪ್ರಾಣ ಕಳೆದುಕೊಂಡದ್ದನ್ನು ನಾವು ಮರೆತಿಲ್ಲ. ಕೊಲ್ಹಾಪುರದ ಜಯಂತಿ ನಾಲೆಯ ಕೊಳಚೆಯನ್ನು ಈಗ ತಡೆದು, ದಿನಕ್ಕೆ 7.6 ಕೋಟಿ ಲೀಟರ್ ಸಾಮರ್ಥ್ಯದ ಕಸಬಾ ಬಾವಡಾ ಘಟಕಕ್ಕೆ ಪಂಪಿನಿಂದ ಸಾಗಿಸುತ್ತಾರೆ. ಇದು ಸ್ತುತ್ಯ ಕಾರ್ಯ. ಆದರೂ ಪಂಪು ನಿಂತರೆ ನಾಲೆಯು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. ಆ ದಾರಿಯು ನಮ್ಮ ಘಾಟಿನ ಮುಂದೆಯೇ ಹಾಯುತ್ತದೆ.

ನಮ್ಮ ಕೆಳಗೂ ಕೃಷ್ಣೆಯ ದಂಡೆಯುದ್ದಕ್ಕೂ ಊರುಗಳಿವೆ. ಆದುದರಿಂದ ಶಾಲೆಯ ಹೊಸ ಕಟ್ಟಡಕ್ಕೆ ಪಾಯ ತೋಡುವ ದಿನ, ಅಲ್ಲಿರುವ ಗಟಾರವನ್ನು ಎತ್ತ ತಿರುಗಿಸುವುದೆಂದು ಕೇಳಿದರಷ್ಟೇ ಸಾಲದು; ಅದು ಕೊನೆಗೆ ಯಾರ ಮನೆಯ ಕೊಡವನ್ನು ತಲುಪುತ್ತದೆಂದೂ ಕೇಳೋಣ. ನೂರು ವರ್ಷ ಅಕ್ಷರ ಕಲಿಸಿದ ಶಾಲೆಗೆ ಅದು ಒಪ್ಪುವ ಪ್ರಶ್ನೆ.