ಮೂರು ಮದ್ದುಗಳ ಕಾಲ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಹೊಟ್ಟೆಯೊಳಗೆ ಬೆಳೆದು ಹಬ್ಬಿದ ಕ್ಯಾನ್ಸರ್ ಗಡ್ಡೆಗೆ ಮದ್ದೆಂಬುದೇ ಇರದ ಕಾಲವೊಂದಿತ್ತು. ಅಜೀರ್ಣವೆಂದು ಜೀರಿಗೆ ಕಷಾಯ ಕುಡಿದು ತಿಂಗಳುಗಳನ್ನು ತಳ್ಳಿದವರು ಮುದ್ದೆಯ ತುತ್ತು ಇಳಿಯದಂತಾದಾಗಲೇ ಮೈಸೂರಿನ ದೊಡ್ಡಾಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. 1881ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಬಿಲ್‌ರೋತ್ ಜಠರದ ಗಡ್ಡೆಯನ್ನು ಕತ್ತರಿಸಿ ತೆಗೆದು ಕೀರ್ತಿ ಪಡೆದಿದ್ದನು. ಆದರೆ ಯಕೃತ್ತಿಗೆ ಹಬ್ಬಿದ ರೋಗದ ಮುಂದೆ ಕತ್ತಿ ಸೋಲುತ್ತಿತ್ತು.

1957ರಲ್ಲಿ ಅಮೆರಿಕದ ವಿಜ್ಞಾನಿ ಹೈಡೆಲ್‌ಬರ್ಗರ್ ಫ್ಲೂರೊಯುರಾಸಿಲ್ ಎಂಬ ಮದ್ದನ್ನು ರೂಪಿಸಿದನು. ಗಡ್ಡೆ ತನ್ನ ಆಹಾರವೆಂದೇ ನುಂಗುವ ಹುಸಿ ಕಾಳು ಅದು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಮೈಟೊಮೈಸಿನ್ ಬಂದಿತು. ಇಟಲಿಯ ಕ್ಯಾಸ್ಟೆಲ್ ಡೆಲ್ ಮಾಂಟೆ ಎಂಬ ಹಳೆಯ ಕೋಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕ ಜೀವಿಯ ಸಂತತಿ ಆಡ್ರಿಯಮೈಸಿನನ್ನು ಕೊಟ್ಟಿತು. ಕೋಟೆಯ ಮಣ್ಣಿನಲ್ಲಿ ಗುಂಡು, ನಾಣ್ಯಗಳನ್ನಷ್ಟೇ ಹುಡುಕುವ ನಮಗೆ ಇದು ವಿಚಿತ್ರವೆನಿಸೀತು! ಒಂಟಿಯಾಗಿ ಕೊಟ್ಟ ಫ್ಲೂರೊಯುರಾಸಿಲಿಗೆ ಐವರಲ್ಲಿ ಒಬ್ಬರ ಗಡ್ಡೆ ಕುಗ್ಗುತ್ತಿತ್ತು, ಅಷ್ಟೇ.

1980ರಲ್ಲಿ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಮ್ಯಾಕ್‌ಡೊನಾಲ್ಡ್ ಮತ್ತು ಸಂಗಡಿಗರು ಈ ಮೂರನ್ನೂ ಕೂಡಿಸಿದ 'ಫ್ಯಾಮ್' ಚಿಕಿತ್ಸೆಯ ಫಲವನ್ನು ಸಾರಿದರು. 62 ರೋಗಿಗಳಲ್ಲಿ ಶೇ. 42 ಮಂದಿಯ ಗಡ್ಡೆ ಕುಗ್ಗಿತ್ತು. ಹೋಲಿಸಿ ನೋಡಲು ಎದುರು ಗುಂಪೇ ಇರಲಿಲ್ಲ. ಆದರೂ ಲೋಕ ಹಿಗ್ಗಿತು. ಅದೇ ವರ್ಷ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. 1973ರಲ್ಲಿ ಅದು ತೆರೆದಂದಿನಿಂದ ನಮ್ಮ ಸೀಮೆಯ ರೋಗಿಗಳಿಗೆ ಮೈಸೂರಿನಾಚೆಗೂ ಒಂದು ದಾರಿ ಕಂಡಿತ್ತು: ಪಾಂಡವಪುರದವರಿಗೆ ರೈಲು, ನಾಗಮಂಗಲದವರಿಗೆ ಬೆಳ್ಳೂರು ಕ್ರಾಸಿನ ಬಸ್ಸು.

ಹಿಗ್ಗು ಬಹುಕಾಲ ನಿಲ್ಲಲಿಲ್ಲ. ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚಿ ನೋಡಿದ 1985ರ ಅಮೆರಿಕದ ಅಧ್ಯಯನದಲ್ಲಿ, ಮೂರು ಮದ್ದು ಪಡೆದವರು ಒಂದೇ ಮದ್ದಿನವರಿಗಿಂತ ಹೆಚ್ಚು ದಿನ ಬದುಕಲಿಲ್ಲ. 1991ರಲ್ಲಿ ಯುರೋಪಿನ ವೈದ್ಯರು ಫ್ಯಾಮನ್ನು ಮದ್ದುಗಳ ಇನ್ನೊಂದು ಕೂಟದೊಡನೆ ಕಣಕ್ಕಿಳಿಸಿದಾಗ ಅದರ ಫಲ ಶೇ. 9ಕ್ಕೆ ಕುಸಿಯಿತು. ಗೆದ್ದ ಕೂಟದಲ್ಲಿ ಮೈಟೊಮೈಸಿನ್ನಿನ ಜಾಗದಲ್ಲಿ ಮೆಥೊಟ್ರೆಕ್ಸೇಟ್ ಇತ್ತು. ಆ ಕುಲದ ಮದ್ದುಗಳನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮೊದಲು ಮಾಡಿಸಿದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಗೆದ್ದ ಕೂಟ ಪಡೆದವರ ನಡುಗಣ ಆಯಸ್ಸು 42 ವಾರ, ಫ್ಯಾಮ್ ಪಡೆದವರದು 29.

ಮದ್ದೇ ಕೊಡದೆ ಆರೈಕೆಯನ್ನಷ್ಟೇ ಮಾಡಿದರೆ ಹೇಗೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕಿತ್ತು. ಫಿನ್ಲೆಂಡಿನವರು ಕೇಳಿ 1995ರಲ್ಲಿ ಉತ್ತರ ಪ್ರಕಟಿಸಿದರು: ಆರೈಕೆಯಿಂದ ಮೂರು ತಿಂಗಳು, ಮದ್ದಿನಿಂದ ಸುಮಾರು ಒಂದು ವರ್ಷ. 1997ರಲ್ಲಿ ಬ್ರಿಟನ್ನಿನ ಹೊಸ ಕೂಟ 1991ರ ವಿಜೇತನನ್ನೂ ಸೋಲಿಸಿತು. ಅದರಲ್ಲಿ ಹಳೆಯ ಮೂವರ ಪೈಕಿ ಉಳಿದದ್ದು ಫ್ಲೂರೊಯುರಾಸಿಲ್ ಮಾತ್ರ. ಆಡ್ರಿಯಮೈಸಿನ್ನಿನ ಜಾಗಕ್ಕೆ ಅದರ ದಾಯಾದಿ ಎಪಿರುಬಿಸಿನ್, ಜೊತೆಗೆ ಸಿಸ್‌ಪ್ಲಾಟಿನ್ ಬಂದಿದ್ದವು.